ಎಲೆಯ ಬಾಯಿ ಹೇಳುವ ಬಳಗ

ಅಕ್ಕಂದಿರೇ, ಮದುವೆ ಮನೆಗೆ ಹೋಗಿರುತ್ತೀರಿ. ಗುರುತಿಲ್ಲದ ಹುಡುಗಿಯೊಬ್ಬಳು ಬಂದು ನೀರು ಕೊಡುತ್ತಾಳೆ. ಅವಳ ಮುಖ ನೋಡುತ್ತೀರಿ. "ನೀನು ಮೇಲಿನಮನೆಯವರ ಮೊಮ್ಮಗಳಲ್ಲವೇನೇ?" ಅಂತ ಕೇಳುತ್ತೀರಿ. ಅವಳು ಹೌದು ಅನ್ನುತ್ತಾಳೆ. ಹೇಗೆ ಗೊತ್ತಾಯಿತು? ಮೂಗು ನೋಡಿ, ಹುಬ್ಬು ನೋಡಿ, ನಡೆಯುವ ರೀತಿ ನೋಡಿ ಗುರುತು ಹಿಡಿದಿರಿ.

ಗಿಡಗಳಲ್ಲೂ ಹೀಗೆ ಬಳಗ ಉಂಟು. ಬದನೆ ಹೂವು, ಟೊಮೆಟೊ ಹೂವು, ಮೆಣಸಿನಗಿಡದ ಹೂವು ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬಣ್ಣ ಬೇರೆ. ಆದರೆ ಮೂರೂ ನಕ್ಷತ್ರದ ಹಾಗೆ ಅರಳಿವೆ. ಎಸಳುಗಳು ಬುಡದಲ್ಲಿ ಕೂಡಿಕೊಂಡಿವೆ. ಕಾಯಿ ಆದ ಮೇಲೂ ತೊಟ್ಟಿನ ಹತ್ತಿರ ಹಸಿರು ಟೋಪಿ ಉಳಿಯುತ್ತದೆ. ಇವು ಮೂರೂ ಒಂದೇ ಬಳಗದವು. ಪುಸ್ತಕದಲ್ಲಿ ಇದಕ್ಕೆ ಸಸ್ಯ ಕುಟುಂಬ ಅನ್ನುತ್ತಾರೆ.

ಸ್ವೀಡನ್ ದೇಶದ ಲಿನೇಯಸ್ ಎಂಬ ವಿಜ್ಞಾನಿ 1753ರಲ್ಲಿ ಗಿಡಗಳ ಒಂದು ದೊಡ್ಡ ಪುಸ್ತಕ ಬರೆದ. ಹೂವಿನೊಳಗಿನ ಕೇಸರಗಳನ್ನು ಎಣಿಸಿ ಗಿಡಗಳನ್ನು ಗುಂಪು ಮಾಡಿದ. ಅಂದಿನಿಂದಲೂ ಗಿಡದ ಬಳಗ ಹುಡುಕುವವರು ಮೊದಲು ನೋಡುವುದು ಹೂವನ್ನೇ.

ಆದರೆ ಹೂವೇ ಇಲ್ಲದಿದ್ದರೆ?

ಗ್ರಂದಿಗೆ ಅಂಗಡಿಗೆ ಹೋಗಿ ನೋಡಿ. ಒಣಗಿದ ಎಲೆ ಚೀಲದಲ್ಲಿ ಇರುತ್ತದೆ. ಹೂವಿಲ್ಲ, ಕಾಯಿಲ್ಲ. ಎಲೆಯೂ ಮುರುಟಿರುತ್ತದೆ. ಕೆಲವು ಕಡೆ ಪುಡಿ ಮಾಡಿಯೇ ಪೊಟ್ಟಣ ಕಟ್ಟಿರುತ್ತಾರೆ. ಕೆಮ್ಮಿಗೆ ಆಡುಸೋಗೆ ಪುಡಿ ಅಂತ ತರುತ್ತೀರಿ. ಮಗುವಿಗೆ ಜೇನಿನಲ್ಲಿ ಕಲಸಿ ನೆಕ್ಕಿಸುತ್ತೀರಿ. ಅದು ಆಡುಸೋಗೆಯೇ ಅಂತ ಯಾರು ಹೇಳಬೇಕು? ಅಂಗಡಿಯವರ ಮಾತೇ ನಮಗೆ ಪ್ರಮಾಣ.

ಹೇಳುವುದಕ್ಕೆ ಒಂದು ದಾರಿ ಇದೆ. ಎಲೆಗೆ ಬಾಯಿಗಳಿವೆ. ಆ ಬಾಯಿಗಳನ್ನು ನೋಡಿದರೆ ಬಳಗ ತಿಳಿಯುತ್ತದೆ.

ಎಲೆಗೆ ಬಾಯಿಯೇ?

ಹೌದು. ಎಲೆಯ ಸಿಪ್ಪೆಯಲ್ಲಿ ಬಹಳ ಸಣ್ಣ ತೂತುಗಳಿವೆ. ಬರಿಗಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕ ಬೇಕು. ಅದು ಸಣ್ಣದನ್ನು ನೂರಾರು ಪಾಲು ದೊಡ್ಡದು ಮಾಡಿ ತೋರಿಸುವ ಯಂತ್ರ. ಈ ತೂತುಗಳಿಗೆ ಪತ್ರರಂಧ್ರ ಅಂತ ಹೆಸರು. ಪತ್ರ ಅಂದರೆ ಎಲೆ, ರಂಧ್ರ ಅಂದರೆ ತೂತು. ಹೆಸರು ದೊಡ್ಡದಾಯಿತು. ನಾವು ಎಲೆಯ ಬಾಯಿ ಅನ್ನೋಣ.

ಎಷ್ಟು ಸಣ್ಣದು? ಒಂದು ಮಿಲಿಮೀಟರ್ ಅಂದರೆ ಅಳತೆಪಟ್ಟಿಯ ಎರಡು ಸಣ್ಣ ಗೆರೆಗಳ ನಡುವಿನ ಜಾಗ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಚೌಕ ಮಾಡಿ. ಸಾಸಿವೆ ಕಾಳೂ ಅದರೊಳಗೆ ಕೂರುವುದು ಕಷ್ಟ. ಅಷ್ಟು ಜಾಗದಲ್ಲಿ ಬಹಳ ಗಿಡಗಳಲ್ಲಿ 100ರಿಂದ 300 ಬಾಯಿಗಳು ಇರುತ್ತವೆ! 1670ರ ದಶಕದಲ್ಲೇ ಇಟಲಿಯ ಮಾಲ್ಪೀಗಿ ಎಂಬ ವೈದ್ಯ ಅಂದಿನ ಗಾಜಿನ ಯಂತ್ರದಲ್ಲಿ ಇವನ್ನು ನೋಡಿದ್ದ.

ಈ ಬಾಯಿಂದ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿಯಿಂದಲೇ ಎಲೆ ಬಿಸಿಲಿನಲ್ಲಿ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಅದೇ ಬಾಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ಬಹುಪಾಲು ಹೀಗೇ ಹೋಗುವುದು. ಸಸಿ ಕಿತ್ತು ನೆಟ್ಟ ಮೇಲೆ ಮೊದಲ ದಿನ ಬಾಡುತ್ತದಲ್ಲ? ಬೇರು ಇನ್ನೂ ನೀರು ಹಿಡಿದಿರುವುದಿಲ್ಲ. ಬಾಯಿಗಳು ಮಾತ್ರ ನೀರು ಬಿಡುತ್ತಲೇ ಇರುತ್ತವೆ. ಅದಕ್ಕೇ ನೀವು ಸಂಜೆ ಹೊತ್ತಿಗೆ ನೆಡುತ್ತೀರಿ, ಮೇಲೆ ಸೊಪ್ಪು ಮುಚ್ಚುತ್ತೀರಿ. ಕಾರಣ ಯಾರೂ ಹೇಳಿರಲಿಕ್ಕಿಲ್ಲ, ಕೆಲಸ ಮಾತ್ರ ಸರಿಯಾಗಿಯೇ ಮಾಡುತ್ತ ಬಂದಿದ್ದೀರಿ.

ಬಾಯಿಗೆ ಎರಡು ತುಟಿಗಳಿವೆ. ಅವರೆಕಾಳಿನ ಆಕಾರದ ಎರಡು ಕೋಶಗಳು ಎದುರುಬದುರು ಕೂತಿರುತ್ತವೆ. ಕೋಶ ಅಂದರೆ ಜೇನುಗೂಡಿನ ಕಣ್ಣಿನ ಹಾಗಿರುವ ಸಣ್ಣ ಕೋಣೆ. ಎಲೆ, ಕಾಂಡ, ನಮ್ಮ ಮೈ, ಎಲ್ಲವೂ ಇಂಥ ಕೋಶಗಳಿಂದಲೇ ಆಗಿವೆ. ಈ ಎರಡು ತುಟಿಗಳಿಗೆ ಕಾವಲು ಕೋಶ ಅನ್ನುತ್ತಾರೆ. ನೀರು ತುಂಬಿದಾಗ ಅವು ಉಬ್ಬಿ ಬಾಗುತ್ತವೆ, ನಡುವೆ ಬಾಯಿ ತೆರೆಯುತ್ತದೆ. ನೀರು ಕಡಿಮೆಯಾದರೆ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಗಿಡಗಳಲ್ಲಿ ಹಗಲು ತೆರೆದಿರುತ್ತದೆ, ರಾತ್ರಿ ಮುಚ್ಚಿರುತ್ತದೆ. ಪಾಪಸುಕಳ್ಳಿಯದು ತಿರುಗುಮುರುಗು. ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ. ಬಿಸಿಲು ನಾಡಿನ ಗಿಡ, ನೀರು ಉಳಿಸಬೇಕಲ್ಲ.

ನೆರೆಮನೆ ನೋಡಿ

ಬಳಗ ತಿಳಿಯುವುದಕ್ಕೆ ಬರೀ ಬಾಯಿ ನೋಡಿದರೆ ಸಾಲದು. ಬಾಯಿಯ ಸುತ್ತ ಇರುವ ನೆರೆಯ ಕೋಶಗಳನ್ನು ನೋಡಬೇಕು. ಅವು ಎಷ್ಟಿವೆ, ಯಾವ ಕಡೆ ಕೂತಿವೆ ಅನ್ನುವುದರಲ್ಲೇ ಗುಟ್ಟು ಇದೆ. ನೀವು ರಂಗೋಲಿ ಇಡುವಾಗ ಚುಕ್ಕಿ ಅದೇ, ಸುತ್ತ ಎಳೆಯುವ ಗೆರೆ ಬೇರೆ ಬೇರೆ. ಹಾಗೆ ಇದು.

1889ರಲ್ಲಿ ವೆಸ್ಕ್ ಎಂಬ ಫ್ರಾನ್ಸ್ ದೇಶದ ವಿಜ್ಞಾನಿ ಈ ಗೆರೆಗಳಲ್ಲಿ ನಾಲ್ಕು ಮುಖ್ಯ ಬಗೆ ಗುರುತಿಸಿದ. ಯಾವ ಬಳಗದಲ್ಲಿ ಯಾವುದು ಎದ್ದು ಕಾಣುತ್ತದೋ ಆ ಬಳಗದ ಹೆಸರನ್ನೇ ಕೊಟ್ಟ. 1950ರಲ್ಲಿ ಇಂಗ್ಲೆಂಡಿನ ಮೆಟ್‌ಕಾಫ್ ಮತ್ತು ಚಾಕ್ ಎಂಬ ಇಬ್ಬರು ಆ ಹೆಸರು ಬದಲಾಯಿಸಿದರು. ಬದಲಾಯಿಸಿದ್ದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಕೆಲವು ಗಿಡಗಳಲ್ಲಿ ನೆರೆಯ ಕೋಶಕ್ಕೆ ಏನೂ ವಿಶೇಷ ಇಲ್ಲ. ಸಂತೆಯಲ್ಲಿ ಜನ ನಿಂತ ಹಾಗೆ, ಅಡ್ಡಾದಿಡ್ಡಿ ಸುತ್ತುವರಿದಿರುತ್ತವೆ. ಸೌತೆ, ಕುಂಬಳ, ಹೀರೆ ಬಳ್ಳಿಗಳ ಎಲೆ ಹೀಗೆ.

ಕಾಫಿ ಎಲೆ ಹಾಗಲ್ಲ. ಬಾಯಿಯ ಎಡಕ್ಕೆ ಒಂದು, ಬಲಕ್ಕೆ ಒಂದು ಕೋಶ. ಬಾಯಿಯ ಉದ್ದಕ್ಕೇ ಅವೂ ಮಲಗಿವೆ. ದೇವರ ಎರಡು ಪಕ್ಕದಲ್ಲಿ ದೀಪದ ಕಂಬ ಇಟ್ಟ ಹಾಗೆ. ಕರಾವಳಿ, ಮಲೆನಾಡಿನ ಅಕ್ಕಂದಿರಿಗೆ ಕೇಪಳ ಹೂವು ಗೊತ್ತು. ಗುಡ್ಡದಲ್ಲಿ ಕೆಂಪಗೆ ಗೊಂಚಲು ಬಿಡುತ್ತದೆ. ಅದರ ಎಲೆ ನೋಡಿದರೆ ಅಲ್ಲಿಯೂ ಎಡಕ್ಕೊಂದು ಬಲಕ್ಕೊಂದು. ಕಾಫಿ ಮತ್ತು ಕೇಪಳ ಒಂದೇ ಬಳಗ! ನಂಬಿಕೆ ಬರದಿದ್ದರೆ ಕಾಂಡ ನೋಡಿ. ಎರಡರಲ್ಲೂ ಎಲೆಗಳು ಜೋಡಿ ಜೋಡಿ. ಎರಡು ಎಲೆಯ ತೊಟ್ಟುಗಳ ನಡುವೆ ಒಂದು ಸಣ್ಣ ಮೊನಚು ಚಕ್ಕೆ ಇರುತ್ತದೆ. ಅದೂ ಈ ಬಳಗದ ಗುರುತು.

ಬದನೆ ಬಳಗದಲ್ಲಿ ಮೂರು ನೆರೆ. ಎರಡು ದೊಡ್ಡವು, ಒಂದು ಸಣ್ಣದು. ಹೊಲದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತೀರಲ್ಲ, ಅದರಲ್ಲಿ ಒಂದು ಕಲ್ಲು ಸಣ್ಣದು ಸಿಕ್ಕಿದ ಹಾಗೆ. ಹೊಗೆಸೊಪ್ಪು, ಗಣಿಕೆಸೊಪ್ಪು, ದತ್ತೂರಿ, ಇವುಗಳ ಎಲೆಯಲ್ಲೂ ಹೆಚ್ಚಾಗಿ ಇದೇ ಮೂರು ಕಲ್ಲಿನ ಒಲೆ.

ಇನ್ನು ಆಡುಸೋಗೆ. ಇಲ್ಲಿ ಎರಡೇ ನೆರೆ. ಆದರೆ ಎಡ ಬಲ ಅಲ್ಲ. ಬಾಯಿಯ ತಲೆಯ ಕಡೆ ಒಂದು, ಕಾಲಿನ ಕಡೆ ಒಂದು. ಎರಡೂ ಕೈ ಚಾಚಿ ಬಾಯನ್ನು ತಬ್ಬಿಕೊಂಡಿರುತ್ತವೆ. ಅವು ಕೂಡುವ ಗೋಡೆ ಬಾಯಿಗೆ ಅಡ್ಡ ಬರುತ್ತದೆ. ನೆಲಬೇವಿನಲ್ಲೂ ಹೀಗೇ. ಕನಕಾಂಬರದಲ್ಲೂ ಹೀಗೇ!

ಕನಕಾಂಬರಕ್ಕೂ ಆಡುಸೋಗೆಗೂ ಏನು ಸಂಬಂಧ ಅನ್ನುತ್ತೀರಾ? ಒಂದು ಮುಡಿಗೆ, ಒಂದು ಕೆಮ್ಮಿಗೆ. ಒಂದರ ಹೂವು ಕೇಸರಿ, ಇನ್ನೊಂದರದು ಬಿಳಿ. ಆದರೂ ಒಂದೇ ಬಳಗ. ಎಲೆಯ ಬಾಯಿ ಹೇಳಿದ್ದನ್ನು ಕಾಯಿಯೂ ಹೇಳುತ್ತದೆ. ಕನಕಾಂಬರದ ತೆನೆ ಒಣಗಿದ ಮೇಲೆ ಮಳೆ ಹನಿ ಬಿದ್ದರೆ ಕಾಯಿ ಪಟ್ ಅಂತ ಸಿಡಿಯುವುದನ್ನು ಕೇಳಿರುತ್ತೀರಿ. ಸಿಡಿದ ಕಾಯಿಯ ಒಳಗೆ ಬೀಜದ ಕೆಳಗೆ ಕೊಕ್ಕೆಯಂಥ ಚಿಕ್ಕ ಕಡ್ಡಿ ಇರುತ್ತದೆ. ಅದೇ ಬೀಜವನ್ನು ದೂರ ಚಿಮ್ಮುವುದು. ಆಡುಸೋಗೆ ಕಾಯಿಯಲ್ಲೂ ಆ ಕೊಕ್ಕೆ ಇದೆ, ನೆಲಬೇವಿನ ಕಾಯಲ್ಲೂ ಇದೆ.

ಒಂದೇ ಬಳಗ ಅಂದ ಮಾತ್ರಕ್ಕೆ ಎಲ್ಲರೂ ಒಂದೇ ಮನೆಯವರಲ್ಲ. ದೊಡ್ಡಪ್ಪನ ಕವಲು, ಚಿಕ್ಕಪ್ಪನ ಕವಲು ಅಂತ ಇರುತ್ತದೆ. ಆಡುಸೋಗೆ ಮತ್ತು ನೆಲಬೇವಿನ ಎಲೆಯ ಸಿಪ್ಪೆಯಲ್ಲಿ ಅಲ್ಲಲ್ಲಿ ಸುಣ್ಣದ ಗಂಟು ಸಿಗುತ್ತದೆ. ನಾವು ಎಲೆಗೆ ಹಚ್ಚುವ ಸುಣ್ಣದ ಹಾಗೆಯೇ ಸುಣ್ಣ, ಆದರೆ ಕೋಶದೊಳಗೆ ಗಂಟು ಕಟ್ಟಿರುತ್ತದೆ. ಕನಕಾಂಬರದ ಕವಲಿನಲ್ಲಿ ಈ ಗಂಟು ಇಲ್ಲ. ಬಾಯಿ ನೋಡಿ ಬಳಗ ಹೇಳಿದರು, ಗಂಟು ನೋಡಿ ಕವಲು ಹೇಳಿದರು. ಗಿಡದ ವಿಜ್ಞಾನಿಗಳು ಹೀಗೆ ಒಂದರ ಮೇಲೊಂದು ಗುರುತು ಇಟ್ಟು ವಂಶಾವಳಿ ಬರೆಯುತ್ತಾರೆ.

ತುಳಸಿ, ಪುದೀನ ಎಲೆಗಳಲ್ಲೂ ತಬ್ಬಿಕೊಂಡ ಎರಡು ನೆರೆ ಇವೆ. ಇವು ಆಡುಸೋಗೆಯ ಬಳಗ ಅಲ್ಲ, ಬೇರೆ ಬಳಗ. ಆದರೆ ಹತ್ತಿರದ ನೆಂಟರು.

ಇನ್ನು ರಾಗಿ, ಜೋಳ, ಭತ್ತ, ಕಬ್ಬು, ಗರಿಕೆ, ಬಿದಿರು. ಇವೆಲ್ಲ ಹುಲ್ಲಿನ ಬಳಗ. ಬಿದಿರು ಎಷ್ಟೇ ಎತ್ತರ ಬೆಳೆಯಲಿ, ಅದು ಹುಲ್ಲೇ. ಇವುಗಳ ತುಟಿ ಅವರೆಕಾಳಿನ ಹಾಗಿಲ್ಲ. ನಡುವೆ ಸಣ್ಣ, ಎರಡು ತುದಿಯಲ್ಲಿ ಉಂಡೆ. ಡಮರುಗದ ಹಾಗೆ. ಬಾಯಿಗಳು ಚೆಲ್ಲಾಪಿಲ್ಲಿ ಇರುವುದಿಲ್ಲ, ನಾಟಿ ಮಾಡಿದ ಪೈರಿನ ಹಾಗೆ ಸಾಲು ಹಿಡಿದಿರುತ್ತವೆ.

ಬಾಯಿ ಮಾತು ಪೂರ್ತಿ ನಂಬಬೇಡಿ

ಒಬ್ಬ ಅಕ್ಕ ಕೇಳಬಹುದು. "ಹಾಗಾದರೆ ಮೂರು ಕಲ್ಲಿನ ಒಲೆ ಕಂಡರೆ ಅದು ಬದನೆ ಬಳಗವೇ?" ಇಲ್ಲ. ಸಾಸಿವೆ, ಮೂಲಂಗಿ, ಎಲೆಕೋಸಿನಲ್ಲೂ ಅದೇ ಒಲೆ ಇದೆ. ಅವು ಬದನೆಗೆ ದೂರದವು. ಹಾಗೆಯೇ ತಬ್ಬಿಕೊಂಡ ನೆರೆ ತುಳಸಿಯಲ್ಲಿದೆ, ಹೂವಿನ ಅಂಗಡಿಯ ಕಾರ್ನೇಷನ್ ಗಿಡದ ಬಳಗದಲ್ಲೂ ಇದೆ. ಇವೆರಡಕ್ಕೆ ನೆಂಟಸ್ತನ ಇಲ್ಲ. ಎರಡು ಊರಿನ ಇಬ್ಬರು ಹೆಂಗಸರು ಒಂದೇ ತರ ಸೀರೆ ಉಟ್ಟರೆ ಅಕ್ಕ ತಂಗಿ ಆಗುತ್ತಾರೆಯೇ? ವೆಸ್ಕ್ ಕೊಟ್ಟ ಹೆಸರು ಬದಲಾದದ್ದು ಇದಕ್ಕೇ. ಸಾಸಿವೆಯ ಹೆಸರನ್ನು ಬದನೆಯ ಬಾಯಿಗೆ ಇಟ್ಟರೆ ಗೊಂದಲ. ಆದ್ದರಿಂದ ಕೋಶಗಳು ಕೂತ ರೀತಿಯನ್ನೇ ಹೆಸರು ಮಾಡಿದರು.

ಈಗ ಗಿಡದ ಕೋಶದೊಳಗಿನ ಡಿಎನ್‌ಎ ಎಂಬ ವಸ್ತುವನ್ನು ಓದುತ್ತಾರೆ. ತಾಯಿಯಿಂದ ಮಗಳಿಗೆ, ಬೀಜದಿಂದ ಗಿಡಕ್ಕೆ ಗುಣ ಹೋಗುವುದು ಅದರ ಮೂಲಕ. 1998ರಿಂದ ಅದರ ಆಧಾರದ ಮೇಲೆ ಬಳಗಗಳನ್ನು ಹೊಸದಾಗಿ ಜೋಡಿಸುತ್ತ ಬಂದಿದ್ದಾರೆ. ತೇಗದ ಮರ ಈಗ ತುಳಸಿ ಬಳಗಕ್ಕೆ ಸೇರಿದೆ! ಕಟ್ಟೆಯ ಮೇಲಿನ ತುಳಸಿ ಎಲ್ಲಿ, ಕಾಡಿನ ತೇಗ ಎಲ್ಲಿ. ಡಿಎನ್‌ಎ ಓದುವುದಕ್ಕೆ ಖರ್ಚು ಹೆಚ್ಚು. ಎಲೆಯ ಸಿಪ್ಪೆ ನೋಡುವುದಕ್ಕೆ ಒಂದು ಯಂತ್ರ, ಒಂದು ಗಾಜಿನ ಚೂರು ಸಾಕು. ಅದಕ್ಕೇ ಹಳೆಯ ದಾರಿ ಇನ್ನೂ ನಡೆದಿದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಳಗ ಒಂದೇ ಆದರೆ ಗುಣ ಒಂದೇ ಅಲ್ಲ. ಬದನೆ ಉಣ್ಣುತ್ತೇವೆ. ದತ್ತೂರಿ ಅದೇ ಬಳಗ, ಆದರೆ ವಿಷ. ಅದರ ಎಲೆ, ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಬುದ್ಧಿ ಕೆಟ್ಟು ಏನೇನೋ ಮಾತಾಡುತ್ತಾರೆ. ಜೀವವೂ ಹೋಗಬಹುದು. ಬೆರಕೆ ಸೊಪ್ಪು ಕೊಯ್ಯುವಾಗ ಎಳೆಯ ದತ್ತೂರಿ ಎಲೆ ಸೇರದಂತೆ ನೋಡಿಕೊಳ್ಳಿ. ಗೊತ್ತಿಲ್ಲದ ಸೊಪ್ಪನ್ನು "ಗಣಿಕೆ ತರಾನೇ ಇದೆ" ಅಂತ ಬೇಯಿಸಬೇಡಿ. ಯಾರಾದರೂ ತಿಂದು ಹೀಗಾದರೆ ಮಂತ್ರ ಹಾಕಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿಂದ ಸೊಪ್ಪಿನ ಉಳಿದ ಎಲೆಯನ್ನೂ ಜೊತೆಗೆ ಒಯ್ಯಿರಿ.

ಪುಡಿಯಲ್ಲೂ ಬಾಯಿ ಉಳಿಯುತ್ತದೆ

ಎಲೆ ಒಣಗಿತು. ಕುಟ್ಟಿ ಪುಡಿ ಮಾಡಿದರು. ಬಣ್ಣ ಹೋಯಿತು, ಆಕಾರ ಹೋಯಿತು. ಆದರೆ ಸಿಪ್ಪೆಯ ಚೂರುಗಳು ಹಾಗೇ ಇರುತ್ತವೆ. ಚೂರಿನಲ್ಲಿ ಬಾಯಿಗಳು ಇರುತ್ತವೆ, ನೆರೆಯ ಕೋಶಗಳೂ ಇರುತ್ತವೆ. ಔಷಧಿ ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ಉಪಕಾರ.

ಆಡುಸೋಗೆಯದೇ ಉದಾಹರಣೆ ನೋಡಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆಡೂ ಮುಟ್ಟದ ಸೊಪ್ಪು ಆಡುಸೋಗೆ, ಅಷ್ಟು ಕಹಿ. ಇದರ ಎಲೆಗೆ ಏಲಾಂಥಸ್ ಎಂಬ ಮರದ ಎಲೆ ಬೆರೆಸುವುದುಂಟು. ಬೆಂಕಿಪೊಟ್ಟಣ ಮಾಡುವುದಕ್ಕೆ ಹೋಗುವ ಹಗುರವಾದ ಮರ ಅದು. ಆಡುಸೋಗೆಗೂ ಅದಕ್ಕೂ ನೆಂಟಸ್ತನ ಇಲ್ಲ. ಹಸಿ ಎಲೆ ಆದರೆ ನೀವೇ ಗುರುತು ಹಿಡಿಯುತ್ತೀರಿ. ಆ ಮರದ ಎಲೆ ಬೇವಿನ ಹಾಗೆ ಒಂದೇ ಕಡ್ಡಿಯಲ್ಲಿ ಹಲವು ಎಸಳು. ಒಣಗಿ ಉದುರಿದರೆ ಕಷ್ಟ. ಯಂತ್ರದಲ್ಲಿ ಮಾತ್ರ ಸುಲಭ. ಆಡುಸೋಗೆಯಲ್ಲಿ ಎರಡು ನೆರೆ ತಬ್ಬಿಕೊಂಡಿರುತ್ತವೆ, ಸುಣ್ಣದ ಗಂಟೂ ಇರುತ್ತದೆ. ಆ ಮರದ ಎಲೆಯಲ್ಲಿ ಸಂತೆಯ ಜನದ ಹಾಗಿರುವ ನೆರೆ, ಗಂಟು ಇಲ್ಲ. ಪುಡಿಯಲ್ಲಿ ಎರಡೂ ತರದ ಬಾಯಿ ಕಂಡರೆ ಕಲಬೆರಕೆ ಅಂತ ಸಿಕ್ಕಿಬಿದ್ದ ಹಾಗೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಆಡುಸೋಗೆ ನಿಜವಾದದ್ದೇ ಆದರೂ ಬಸುರಿಯರು ತೆಗೆದುಕೊಳ್ಳಬಾರದು. ಅದರಲ್ಲಿ ಗರ್ಭಕೋಶವನ್ನು ಹಿಂಡುವ ಸತ್ವ ಇದೆ. ಗರ್ಭ ಇಳಿದುಹೋಗುವ ಭಯ ಉಂಟು.

ಎಣಿಸಿ ಹೇಳುವುದು

ಎರಡು ಗಿಡ ಬಹಳ ಹತ್ತಿರದ್ದಾದರೆ ನೆರೆಯ ಕೋಶ ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಆಗ ಎಣಿಸಬೇಕಾಗುತ್ತದೆ.

ಮಲಬದ್ಧತೆಗೆ ಸೋನಾಮುಖಿ ಎಲೆ ಬಳಸುತ್ತಾರೆ. ಪೇಟೆಯಲ್ಲಿ ಇದರಲ್ಲಿ ಎರಡು ಬಗೆ. ಒಂದು ಈಜಿಪ್ಟಿನ ಬಂದರು ಅಲೆಕ್ಸಾಂಡ್ರಿಯಾದ ಹೆಸರಿನದು. ಇನ್ನೊಂದು ತಮಿಳುನಾಡಿನ ತಿರುನೆಲ್ವೇಲಿಯ ಹೆಸರಿನದು, ಅಲ್ಲಿ ಹೊಲದಲ್ಲೇ ಬೆಳೆಯುತ್ತಾರೆ. ಎರಡರಲ್ಲೂ ಕಾಫಿ ಎಲೆಯ ಹಾಗೆ ಎಡಕ್ಕೊಂದು ಬಲಕ್ಕೊಂದು ನೆರೆ. ಹಾಗಾದರೆ ಬೇರೆ ಮಾಡುವುದು ಹೇಗೆ?

ಬಾಯಿಗಳನ್ನು ಸುಮ್ಮನೆ ಎಣಿಸಿದರೆ ಮೋಸ ಹೋಗುತ್ತೇವೆ. ಒಂದೇ ಗಿಡದಲ್ಲಿ ಬಿಸಿಲಿನ ಎಲೆಯಲ್ಲಿ ಬಾಯಿ ಒತ್ತೊತ್ತಾಗಿ ಇರುತ್ತವೆ, ನೆರಳಿನ ಎಲೆಯಲ್ಲಿ ದೂರ ದೂರ. ನೆರಳಿನ ಎಲೆ ಅಗಲವಾಗಿ ಹಿಗ್ಗಿದಾಗ ಉಳಿದ ಕೋಶಗಳೂ ಹಿಗ್ಗುತ್ತವೆ. 1927ರಲ್ಲಿ ಸಾಲಿಸ್ಬರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಇದಕ್ಕೆ ಉಪಾಯ ಕಂಡುಹಿಡಿದ. ಜಾಗ ಅಳೆಯಬೇಡಿ, ಪಾಲು ಲೆಕ್ಕ ಹಾಕಿ ಅಂದ. ಸಿಪ್ಪೆಯ ಕೋಶಗಳನ್ನೂ ಬಾಯಿಗಳನ್ನೂ ಸೇರಿಸಿ ನೂರು ಎಣಿಸಿದರೆ, ಅದರಲ್ಲಿ ಬಾಯಿ ಎಷ್ಟು? ಅನ್ನದಲ್ಲಿ ಕಲ್ಲು ನೋಡುವಾಗ ಮುದ್ದೆಯ ಗಾತ್ರ ಅಳೆಯುವುದಿಲ್ಲ, ಎಷ್ಟು ಅಗುಳಿಗೆ ಒಂದು ಕಲ್ಲು ಅಂತ ನೋಡುತ್ತೀರಿ. ಹಾಗೆ. ಈ ಪಾಲು ಬಿಸಿಲು ನೆರಳಿಗೆ ಅಷ್ಟಾಗಿ ಬದಲಾಗುವುದಿಲ್ಲ.

ಅಲೆಕ್ಸಾಂಡ್ರಿಯಾದ ಸೋನಾಮುಖಿಯಲ್ಲಿ ನೂರಕ್ಕೆ ಸುಮಾರು 12 ಬಾಯಿ. ತಿರುನೆಲ್ವೇಲಿಯದರಲ್ಲಿ ಸುಮಾರು 17, 18. ಔಷಧಿ ಕಲಿಯುವ ವಿದ್ಯಾರ್ಥಿಗಳು ಇದನ್ನು ಇಂದಿಗೂ ಎಣಿಸಿ ಕಲಿಯುತ್ತಾರೆ.

ಇದರಲ್ಲೊಂದು ತಮಾಷೆ ಇದೆ. ಬಹಳ ಕಾಲ ಇವೆರಡೂ ಬೇರೆ ಜಾತಿಯ ಗಿಡ ಅಂತಲೇ ಪುಸ್ತಕದಲ್ಲಿ ಬರೆದಿದ್ದರು. ಆಮೇಲೆ ಹೂವು, ಕಾಯಿ, ಎಲೆ ಎಲ್ಲವನ್ನೂ ಸೇರಿಸಿ ನೋಡಿದ ವಿಜ್ಞಾನಿಗಳು ಇವು ಒಂದೇ ಜಾತಿ ಅಂದರು. ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಊರಿನಲ್ಲಿ ಬೆಳೆದರು ಅಷ್ಟೆ. ಲೆಕ್ಕ ಸುಳ್ಳಲ್ಲ. ಲೆಕ್ಕದ ವ್ಯತ್ಯಾಸ ಜಾತಿ ಬೇರೆ ಮಾಡುವಷ್ಟು ದೊಡ್ಡದಲ್ಲ ಅಂತ ತೀರ್ಮಾನ. ವ್ಯಾಪಾರದವರು ಮಾತ್ರ ಹಳೆಯ ಎರಡು ಹೆಸರನ್ನೇ ಹಿಡಿದಿದ್ದಾರೆ.

ಗಿಡಗಳ ಬಳಗದ ಬಗ್ಗೆ ಇನ್ನಷ್ಟು ಓದಬೇಕು ಅನ್ನಿಸಿದವರಿಗೆ ಕನ್ನಡದಲ್ಲೇ ಒಳ್ಳೆಯ ಪುಸ್ತಕ ಇದೆ. ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು'. ಸ್ವಾಮಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುತ್ತಿದ್ದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಸ್ವಲ್ಪ ದಪ್ಪ ಪುಸ್ತಕ. ದಿನಕ್ಕೆ ಎರಡು ಪುಟ ಓದಿದರೂ ಆಯಿತು. ನಗು ಬರುವ ಹಾಗೆ ಬರೆದಿದ್ದಾರೆ.

ನೀವೇ ನೋಡಬಹುದು

ಇದಕ್ಕೆ ಬೇಕಾದ್ದು ಬಣ್ಣವಿಲ್ಲದ ಉಗುರುಬಣ್ಣ, ಪಾರದರ್ಶಕ ಅಂಟುಪಟ್ಟಿ, ಒಂದು ಗಾಜಿನ ಪಟ್ಟಿ. ಯಂತ್ರ ಹತ್ತಿರದ ಪ್ರೌಢಶಾಲೆಯಲ್ಲಿ ಇರುತ್ತದೆ. ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ನಿಮ್ಮ ಮಗಳು ಅಲ್ಲೇ ಓದುತ್ತಿದ್ದರೆ ಇನ್ನೂ ಸುಲಭ.

ಎಲೆಯ ತಳಭಾಗ ಒರೆಸಿ. ಬಹಳ ಗಿಡಗಳಲ್ಲಿ ಬಾಯಿ ಇರುವುದು ಹೆಚ್ಚಾಗಿ ತಳಗಡೆ. ಕಾಫಿಯಲ್ಲಿ ತಳಗಡೆ ಮಾತ್ರ. ನೀರಿನ ಮೇಲೆ ತೇಲುವ ನೈದಿಲೆಯದು ಮಾತ್ರ ಮೇಲ್ಗಡೆ, ತಳ ನೀರಿನಲ್ಲೇ ಇರುತ್ತದಲ್ಲ. ಒರೆಸಿದ ಜಾಗಕ್ಕೆ ಉಗುರುಬಣ್ಣ ತೆಳ್ಳಗೆ ಹಚ್ಚಿ. ಕಾಲು ಗಂಟೆ ಒಣಗಲು ಬಿಡಿ. ಅದರ ಮೇಲೆ ಅಂಟುಪಟ್ಟಿ ಒತ್ತಿ, ಮೆಲ್ಲಗೆ ಎಬ್ಬಿಸಿ. ಉಗುರುಬಣ್ಣದ ಪೊರೆ ಪಟ್ಟಿಯ ಜೊತೆ ಬರುತ್ತದೆ. ಅದರಲ್ಲಿ ಎಲೆಯ ಅಚ್ಚು ಮೂಡಿರುತ್ತದೆ, ಹಿಟ್ಟಿನ ಮೇಲೆ ಬಳೆ ಒತ್ತಿದ ಹಾಗೆ. ಅದನ್ನು ಗಾಜಿಗೆ ಅಂಟಿಸಿ ಯಂತ್ರದ ಕೆಳಗೆ ಇಡಿ. 100 ಪಾಲು ದೊಡ್ಡದು ಮಾಡಿದರೆ ಬಾಯಿ ಕಾಣುತ್ತದೆ. 400 ಪಾಲು ಮಾಡಿದರೆ ನೆರೆಮನೆ ಕಾಣುತ್ತದೆ.

ಮೊದಲ ಸಲಕ್ಕೆ ಜೋಳದ ಎಲೆ ಒಳ್ಳೆಯದು. ಸಾಲು ಸಾಲು ಬಾಯಿ ಥಟ್ಟನೆ ಕಾಣುತ್ತದೆ. ಆಮೇಲೆ ಕೇಪಳ ಅಥವಾ ಕಾಫಿ, ಆಮೇಲೆ ಕನಕಾಂಬರ. ಬದನೆ ಎಲೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಮೇಲೆ ರೋಮ ಜಾಸ್ತಿ, ಅಚ್ಚು ಸರಿಯಾಗಿ ಏಳುವುದಿಲ್ಲ. ದತ್ತೂರಿ ಎಲೆ ನೋಡುವ ಆಸೆ ಆದರೆ ನೋಡಿ. ಆದರೆ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣು ಉಜ್ಜಬೇಡಿ. ಅದರ ರಸ ತಾಗಿದರೆ ಕಣ್ಣಿನ ಪಾಪೆ ಅಗಲವಾಗಿ, ಬೆಳಕು ಚುಚ್ಚುತ್ತದೆ. ಮಕ್ಕಳ ಕೈಗೆ ಆ ಎಲೆ ಕೊಡಲೇಬೇಡಿ.